ಬಂದೂಕಿನ ಬಾಲಕ್ಕೆ ಸಟ್ಟುಗ

ಬಂದೂಕಿನ ಬಿರುಕು ಎಡಗಡೆ ಇತ್ತು ಎಂದು ನಾನು, ಬಲಗಡೆ ಎಂದು ಹೆಂಡತಿ. ಬಿರುಕೇ ಇರಲಿಲ್ಲವೇನೋ ಎಂದು ಈಗೀಗ ನನಗೇ ಅನುಮಾನ. ಆದರೆ ಸಟ್ಟುಗ ಇತ್ತು. ಅದಕ್ಕೆ ಊರೇ ಸಾಕ್ಷಿ!

ನಿಜಾಮರ ಕಾಲ. ಯಲಬುರ್ಗಾದ ನನ್ನ ಮಾವನವರ ಮನೆಯಲ್ಲಿ ಪರವಾನಗಿಯ ರೈಫಲ್ಲೊಂದಿತ್ತು. ವರ್ಷಕ್ಕೊಮ್ಮೆ, ದಸರೆಯ ಬನ್ನಿ ಮೆರವಣಿಗೆಗೆ, ಗುಂಡಿಲ್ಲದೆ ಹೊರಬರುತ್ತಿತ್ತು. ಆ ವರ್ಷ ಅದನ್ನು ಹೊರುವ ಗೌರವ ಹೊಸ ಅಳಿಯನಾದ ನನ್ನದು! ತೊಡಕು ಒಂದೇ. ಅದರ ಕುಂದಾ, ಎಂದರೆ ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗ, ಸೀಳಿತ್ತು. ಬಡಿಗ ಮೌನಪ್ಪ ಹೊಸದನ್ನು ಕೆತ್ತಿ ತಂದಿದ್ದ.

"ಹಳೇದು ನಾನ ಬಿಚ್ಚಿ ಕೊಡ್ಲೇನ್ರಿ ಅಳಿಯಾರ?" ಎಂದ.

"ಬ್ಯಾಡ. ಇಂಥಾದಕ್ಕ ಸರಿಯಾದ ಹತಾರ ಆರಿಸೋದ ಮುಖ್ಯ. ನಾ ನೋಡ್ಕೋತೀನಿ."

ಹೈದರಾಬಾದಿನಲ್ಲಿ ಓದಿ ಬಂದವನು ನಾನು!

ವಾರವಿಡೀ ಆರಿಸಿದೆ. ತಿರುಪು ಬಿಚ್ಚಲು ಕಮ್ಮಾರನ ಪೇಚಕಸ ದಪ್ಪವಾಯಿತು, ಅಕ್ಕಸಾಲಿಗನದು ಕಡ್ಡಿಯಾಯಿತು. ಕೊನೆಗೆ ಮೌನಪ್ಪನ ಮೊಳದುದ್ದದ ಪೇಚಕಸವೇ ಯೋಗ್ಯವೆಂದು ಘನಗಂಭೀರವಾಗಿ ತೀರ್ಮಾನಿಸಿ ಅವನ ಮನೆಗೆ ಹೋದರೆ, ಅದು ಕುಂಕುಮ ಹಚ್ಚಿಸಿಕೊಂಡು ದೇವಿಯ ಮುಂದೆ ಕುಳಿತಿತ್ತು. ಅಂದು ಖಂಡೇಪೂಜೆ! ಊರಿನ ಹತಾರಗಳೆಲ್ಲ ಪೂಜೆಗೆ ಕೂರುವ ದಿನ. ಬನ್ನಿ ಮುಗಿಯುವ ತನಕ ಒಂದನ್ನೂ ಎತ್ತುವಂತಿಲ್ಲ.

"ನಿನ್ನಿ ಬಂದಿದ್ರ ಕೊಡ್ತಿದ್ನಲ್ರಿ," ಎಂದು ಮೌನಪ್ಪ ಕೈಮುಗಿದ. ನನಗೋ, ಪೇಚಕಸಕ್ಕೋ, ತಿಳಿಯಲಿಲ್ಲ.

ಮನೆಯಲ್ಲಿ ಬಂದೂಕೊಂದೇ ಪೂಜೆಯಿಲ್ಲದೆ ಮೂಲೆಯಲ್ಲಿತ್ತು. ಒಡೆದದ್ದನ್ನು ದೇವಿಯ ಮುಂದೆ ಇಡುವಂತಿಲ್ಲ.

"ಈಳಿಗಿ ಕೊಡು," ಎಂದೆ ಹೆಂಡತಿಗೆ.

"ಅದೂ ಪೂಜಾಕ್ಕ ಕುಂತೈತಿ. ಅದಕ್ಕ ಇವತ್ತ ಪಲ್ಯ ಇಲ್ಲ, ಬರೇ ಬ್ಯಾಳಿ."

"ಪೂಜಾಕ್ಕ ಕೂಡಲಾರದ್ದು ಏನೈತಿ ಮನಿಯಾಗ?"

"ನೀವದೀರಿ. ಈ ಸಟ್ಟುಗ ಐತಿ."

ರೊಟ್ಟಿ ಮಗುಚುವ ಕಬ್ಬಿಣದ ಸಟ್ಟುಗ! ಅದರ ಅಂಚಿನಿಂದಲೇ ಕುಂದಾದ ಹಿಂದಿನ ತಗಡು ಬಿಚ್ಚಿಬಂತು. ಜಂಬವೂ ಬಂತು. ತಗಡಿನ ಹಿಂದೆ ಆಳವಾದ ತೂತು, ಅದರ ತಳದಲ್ಲಿ ಮುಖ್ಯ ತಿರುಪು. ಸಟ್ಟುಗವನ್ನು ತಿರುಗಾಮುರುಗಾ ಮಾಡಿ ಹಿಡಿಕೆಯನ್ನು ತೂರಿಸಿದೆ, ತಿರುವಿದೆ, ಕಲ್ಲಿನಿಂದ ಗುದ್ದಿದೆ. ಸಿಕ್ಕಿಕೊಂಡಿತು! ನಾನು ಸಟ್ಟುಗ ಎಳೆದೆ, ಹೆಂಡತಿ ನನ್ನನ್ನು ಎಳೆದಳು. ಇಬ್ಬರೂ ಅಂಗಳದಲ್ಲಿ ಬಿದ್ದೆವು. ಸಟ್ಟುಗ ಬೀಳಲಿಲ್ಲ.

ಮಾವನವರು ಬಂದು ಸಟ್ಟುಗವನ್ನು ಒಮ್ಮೆ ಜಗ್ಗಿ ನೋಡಿದರು.

"ಅಳಿಯಾರ, ಬಂದೂಕ ಇಲ್ಲದ ಬನ್ನಿಗೆ ಹ್ವಾದ್ರ ನಮ್ಮನಿ ಮರ್ಯಾದಿ ಹೋಗತೈತಿ. ಇದನ್ನ ಹೊತ್ಕೊಂಡು ಹ್ವಾದ್ರ ನಿಮ್ದು ಹೋಗತೈತಿ. ನಿಮ್ದ ಹೋಗಲಿ ತಗೋರಿ!"

ಮರುದಿನ ಸಂಜೆ ನಡೆದೆ. ನಳಿಗೆ ಮುಂದೆ, ನಾನು ನಡುವೆ, ಸಟ್ಟುಗ ಹಿಂದೆ.

"ಬ್ಯಾಟಿ ಆಡಿ ಅಲ್ಲೇ ರೊಟ್ಟಿನೂ ಬಡೀತೀರೇನ್ರಿ ಅಳಿಯಾರ?" ಎಂದು ಹಿಂದಿನಿಂದ ಯಾರೋ ಕೂಗಿದರು. ಬನ್ನಿ ಎಲೆ ಕೊಡಲು ಬಂದವರೆಲ್ಲ ಮೊದಲು ಸಟ್ಟುಗಕ್ಕೆ ಕೊಟ್ಟು, ಉಳಿದದ್ದನ್ನು ನನಗೆ ಕೊಟ್ಟರು.

ಮಾರನೆಯ ಬೆಳಗ್ಗೆ ಎದ್ದರೆ ಅತ್ತೆಯವರು ಅದೇ ಸಟ್ಟುಗದಿಂದ ರೊಟ್ಟಿ ಮಗುಚುತ್ತಿದ್ದರು. ಮೂಲೆಯಲ್ಲಿ ಬಂದೂಕು ಹೊಸ ಕುಂದಾ ಹಾಕಿಕೊಂಡು ನಿಂತಿತ್ತು! ಯಾರು ಬಿಚ್ಚಿದರು? ಯಾವ ಹತಾರದಿಂದ? ಹೆಂಡತಿಯನ್ನು ಕೇಳಿದಾಗಲೆಲ್ಲ ನಗುತ್ತಾಳೆ. ನನಗೆ ಇಂದಿಗೂ ಗೊತ್ತಿಲ್ಲ.