ಹಾಸುಗಲ್ಲಿನ ಮೇಲಿನ ಪ್ರಬಂಧಗಳು

ಮಕ್ಕಳು ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿ ಸರಕಾರದ ಸಂಬಳ ತೆಗೆದುಕೊಂಡವರು ಜಗತ್ತಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ತೆ ಒಬ್ಬಳೇ! ನಂಬುವುದಿಲ್ಲವೇ? ಹಾಗೆ ಒರೆಸಿಸಿಕೊಂಡವರಲ್ಲಿ ನಾನೂ ಒಬ್ಬಳು.

ಮೈಸೂರು ರಾಜ್ಯ ಕರ್ನಾಟಕವಾದ ಹೊಸತು. ಅಪ್ಪನ ತಂಗಿಯಾದ ಈ ಅತ್ತೆ ಶಹಾಬಾದಿನ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ನಾನು ಅವಳ ಏಳನೇ ತರಗತಿಯಲ್ಲಿದ್ದೆ. ಆಗಿನ ಪ್ರಬಂಧ ಅಂದರೆ ಗೊತ್ತಲ್ಲ? ‘ಎಮ್ಮೆ ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ.’ ಇಡೀ ತರಗತಿಯ ಎಮ್ಮೆಗಳು ಒಂದೇ ಗೈಡಿನ ಹೊಟ್ಟೆಯಲ್ಲಿ ಹುಟ್ಟಿದ್ದವು! ಅತ್ತೆ ಗೈಡುಗಳನ್ನೆಲ್ಲ ಮುಚ್ಚಿಸಿದಳು.

“ನಾಲ್ಕ ಕಾಲ ಅವ ಅಂತ ನನಗೂ ಗೊತ್ತದ. ನಿಮ್ಮನಿ ಎಮ್ಮಿ ಹಾಲ ಹಿಂಡೂ ಮುಂದ ಯಾರಿಗಿ ಒದೀತದ, ಅದು ಹೇಳ್ರಿ.”

ಬರೆಯುವುದಕ್ಕೆ ಮೊದಲು ಮಾತಾಡಬೇಕು, ಅದೂ ಮನೆಯ ಮಾತಿನಲ್ಲೇ. ಇದು ಅವಳ ಮೊದಲ ಮೆಟ್ಟಿಲು. ಕಲ್ಲುಗಣಿಯ ಕೆಲಸಕ್ಕೆಂದು ನಾಲ್ಕೂ ಕಡೆಯವರು ಬಂದು ನೆಲೆಸಿದ ಊರು ನಮ್ಮದು. ಕನ್ನಡ, ಉರ್ದು, ತೆಲುಗು, ಮರಾಠಿ ಎಲ್ಲ ಒಟ್ಟಿಗೇ ಎದ್ದವು. ಹೆಡ್‌ಮಾಸ್ತರರು ಓಡಿ ಬಂದರು.

“ಬಾಯಾರ, ಇದು ಸಾಲಿನೋ ಸಂತಿನೋ?”

“ಈಗ ಸಂತೀರಿ ಸರ್. ಬರೀಲಿಕ್ಕ ಕುಂತ ಮ್ಯಾಲ ಸಾಲಿ ಆಗ್ತದ.”

ಎರಡನೆಯ ಮೆಟ್ಟಿಲು ಕರಡು. ಅದಕ್ಕೆ ಕಾಗದವೇ ಇಲ್ಲ! ಶಾಲೆಯ ಪಡಸಾಲೆಗೆ ನಮ್ಮೂರಿನದೇ ನುಣುಪಾದ ಹಾಸುಗಲ್ಲು ಹಾಕಿದ್ದರು. ಅಷ್ಟು ದೊಡ್ಡ ಪಾಟಿ ಯಾವ ಅರಸನ ಮಗನಿಗೆ ಸಿಕ್ಕೀತು? ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಒಂದು ತುಂಡು ಸೀಮೆಸುಣ್ಣ.

“ಕಾಗದದ ಮ್ಯಾಲ ತಪ್ಪ ಮಾಡ್ಲಿಕ್ಕ ಅಂಜಿಕಿ ಬರ್ತದ. ಕಲ್ಲಿಗಿ ಎಂಥಾ ಅಂಜಿಕಿ?” ಎನ್ನುತ್ತಿದ್ದಳು.

ಬರೆದಾದ ಮೇಲೆ ಪಕ್ಕದವರು ಬಂದು ಓದಿ, ಕೆಳಗೆ ಒಂದು ಪ್ರಶ್ನೆ ಬರೆಯಬೇಕು. ತಪ್ಪು ಹುಡುಕುವಂತಿಲ್ಲ, ಬರೀ ಕೇಳಬೇಕು. ಉತ್ತರ ಸೇರಿಸಿ ಮತ್ತೆ ಬರೆದ ಮೇಲೆ ಮೊದಲಿನದರ ಮೇಲೆ ಅತ್ತೆಯ ಒದ್ದೆ ಬಟ್ಟೆ ಓಡುತ್ತಿತ್ತು. ಕಾಗುಣಿತದ ಸರದಿ ಆಮೇಲೆ. ಅದೂ ಮುಗಿದರೆ ಮಾತ್ರ ವಹಿಗೆ, ಅಂದರೆ ನೋಟ್‌ಬುಕ್ಕಿಗೆ, ಇಳಿಸುವುದು.

ಮನೆಯಲ್ಲೂ ಈ ಚಾಳಿ ಬಿಡಲಿಲ್ಲ. ನಮ್ಮ ಕಾಕಾನ ಮದುವೆಯ ಆಮಂತ್ರಣ ಅಚ್ಚಿಗೆ ಹೋಗುವ ಮುನ್ನ ಅವಳ ಕೈಗೆ ಸಿಕ್ಕಿತು. ‘ಶ್ರೀಮಾನ್’, ‘ಗೌರವಾನ್ವಿತ’ ಎಲ್ಲ ಹಾರಿದವು. ಅಜ್ಜ ಹೌಹಾರಿ, “ಮದಿಮಗನ ಹೆಸರರೆ ಉಳಿಸೀಯಿಲ್ಲವಾ?” ಎಂದು ಕೇಳಬೇಕಾಯಿತು!

ಇಂಥವಳ ಶಾಲೆಗೆ ತಪಾಸಣೆಯ ಸಾಹೇಬರು ಬಂದರು. ಪ್ರಬಂಧದ ವಹಿಗಳನ್ನು ತಿರುವಿದರು. ಅರ್ಧ ವರ್ಷ ಕಳೆದರೂ ಬೆರಳೆಣಿಕೆಯ ಪುಟ!

“ಮಕ್ಕಳ ಕೈಲಿ ನೆಲ ಗೀಚಸ್ಲಿಕತ್ತೀರೇನು? ಐನಾಪುರದ ಕಡಿ ವರ್ಗ ಮಾಡ್ತೀನಿ, ಹೊಲದಾಗ ಬರಸ್ರಿ!”

ಆಗ ಅಜ್ಜ ಹಾಸಿಗೆ ಹಿಡಿದಿದ್ದ. ಅವನನ್ನು ಬಿಟ್ಟು ಅತ್ತೆ ಅಷ್ಟು ದೂರ ಹೇಗೆ ಹೋದಾಳು? ಸಾಹೇಬರು ಬೂಟುಗಾಲಲ್ಲೇ ಪಡಸಾಲೆಗೆ ನಡೆದರು.

“ಸಾಹೇಬ್ರ, ನಿಲ್ರಿ! ಆ ಹುಡುಗಿ ಅವ್ವನ ಮ್ಯಾಲ ಕಾಲಿಟ್ಟೀರಿ!” ಅತ್ತೆ ಕೂಗಿದಳು.

ಅವರು ಬೆಚ್ಚಿ ಪಕ್ಕದ ಕಲ್ಲಿಗೆ ಜಿಗಿದರು.

“ಹಾಂ, ಅಲ್ಲೇ ನಿಲ್ರಿ. ಅದು ಎಮ್ಮಿ, ನಡೀತದ.”

ಸಾಹೇಬರು ತುಳಿದ ಕಲ್ಲು ಮಾಣಿಕಮ್ಮನದು. ಅವಳ ಅವ್ವ ಗಣಿಯಲ್ಲಿ ಕಲ್ಲು ಹೊರುವವಳು, ಮನೆಮಾತು ತೆಲುಗು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಸಾಹೇಬರು ಬಗ್ಗಿ ಓದಿದರು. ಮೇಲೆ, ‘ನನ್ನ ತಾಯಿ ಬಹಳ ಒಳ್ಳೆಯವಳು.’ ಅದರ ಕೆಳಗೆ ನಾನು ಬರೆದ ಪ್ರಶ್ನೆ, ‘ನಿನಗೆ ಹೇಗೆ ಗೊತ್ತು?’ ಅದರ ಕೆಳಗೆ ಅವಳ ಉತ್ತರ:

‘ಅವ್ವ ಗಣಿಯಿಂದ ಬಂದು ಕೈ ತೊಳೆದು ನನ್ನ ಜಡೆ ಹಾಕುತ್ತಾಳೆ. ಕಲ್ಲು ಹಿಡಿದು ಅವಳ ಬೆರಳು ಒರಟಾಗಿವೆ. ನನ್ನ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನಾನು ಚೀರುತ್ತೇನೆ. ಅವಳು ನಗುತ್ತಾಳೆ.’

ಸಾಹೇಬರು ಕಲ್ಲಿನ ಅಂಚಿನವರೆಗೂ ಕಣ್ಣಾಡಿಸಿದರು.

“ಮುಂದ?”

“ಮುಂದ ಬರೀಬೇಕಂದ್ರ ನೀವು ಸರೀಬೇಕ್ರಿ,” ಎಂದಳು ಅತ್ತೆ.

ಸರಿದರು! ಬೂಟು ಕಳಚಿ, ಉಳಿದ ಕಲ್ಲುಗಳನ್ನೂ ಒಂದೊಂದಾಗಿ ಓದಿದರು. ಆಮೇಲೆ ತಪಾಸಣೆಯ ಪುಸ್ತಕದಲ್ಲಿ ‘ಬೋಧನೆ ತೃಪ್ತಿಕರ’ ಎಂದು ಬರೆದರು. ಅತ್ತೆ ಇಣುಕಿದಳು.

“ತೃಪ್ತಿಕರ ಅಂತ ಹ್ಯಾಂಗ ಗೊತ್ತಾತ್ರಿ ಸಾಹೇಬ್ರ?”

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಅತ್ತೆಯ ಮುಖ ನೋಡಿದರು, ನಕ್ಕರು, ಬರೆದದ್ದಕ್ಕೆ ಗೀಟು ಎಳೆದರು. ‘ಇಲ್ಲಿನ ಮಕ್ಕಳು ತಮ್ಮ ಅವ್ವನನ್ನೂ ಎಮ್ಮೆಯನ್ನೂ ಕಣ್ಣಾರೆ ನೋಡಿ ಬರೆಯುತ್ತಾರೆ’ ಎಂದು ಬರೆದರು. ವರ್ಗದ ಮಾತು ಮತ್ತೆ ಏಳಲಿಲ್ಲ. ಸರಕಾರದ ಕೈಯಿಂದಲೇ ಕರಡು ತಿದ್ದಿಸಿದವಳು ನನ್ನ ಅತ್ತೆ ಎಂದು ನಾನು ಊರೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ!

ಕೊನೆಯ ಮೆಟ್ಟಿಲೊಂದು ಬಾಕಿ ಇತ್ತು: ಯಾರ ಬಗ್ಗೆ ಬರೆದೆವೋ ಅವರಿಗೇ ಓದಿ ಹೇಳುವುದು. ಎಮ್ಮೆಯ ಬಗ್ಗೆ ಬರೆದವರು ಕೊಟ್ಟಿಗೆಗೆ ಹೋಗಿ ಓದಿದರು. ಮಾಣಿಕಮ್ಮನ ಅವ್ವ ಒಂದು ಸಂಜೆ ಗಣಿಯಿಂದ ನೇರ ಶಾಲೆಗೆ ಬಂದಳು, ಸೀರೆಯೆಲ್ಲ ಕಲ್ಲಿನ ಧೂಳು. ಮಗಳು ಗಟ್ಟಿಯಾಗಿ ಓದಿದಳು. ಅವ್ವ ತನ್ನ ಬೆರಳುಗಳನ್ನೇ ನೋಡುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ ಅತ್ತೆಯ ಕಡೆ ತಿರುಗಿದಳು. ಇಡೀ ದಿನದ ಓಡಾಟದಲ್ಲಿ ಅತ್ತೆಯ ತುರುಬು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು.

“ಕುಂದ್ರಿ ಬಾಯಾರ, ತುರುಬ ಬಿಚ್ಚ್ಯದ. ಕಟ್ತೀನಿ.”

ಅತ್ತೆ ಬೇಡ ಅನ್ನುತ್ತಾಳೆ ಎಂದುಕೊಂಡೆ. ನಮ್ಮ ಅಜ್ಜಿ ತೀರಿಕೊಂಡಾಗ ಅತ್ತೆ ಇನ್ನೂ ತೊಟ್ಟಿಲಲ್ಲಿದ್ದಳಂತೆ. ಜಡೆ ಹಾಕುವುದನ್ನು ಅವಳು ಕನ್ನಡಿ ನೋಡಿಕೊಂಡು ತಾನೇ ಕಲಿತವಳು. ಆದರೆ ಅತ್ತೆ ಆಕೆಯ ಮುಂದೆ ಕಲ್ಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಒಪ್ಪಿಸಿಬಿಟ್ಟಳು.

ತುರುಬು ಕಟ್ಟಿ ಮುಗಿದ ಮೇಲೂ ಅತ್ತೆ ಏಳಲಿಲ್ಲ.