ಬೊಕ್ಕ ತಲೆಗೆ ಹೇರ್ ಡ್ರೈಯರ್

ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದ ಕೃಷ್ಣಾನಂದ ಶನಿವಾರ ಬೆಳಗ್ಗೆಯೇ ಬಂದು ಹೇರ್ ಡ್ರೈಯರ್ ಕೇಳಿದರೆ ಯಾರಿಗಾದರೂ ಅನುಮಾನ ಬರಲೇಬೇಕು. ಮೇಲಿನ ಮನೆಯ ಜಯಮ್ಮನವರಿಗೆ ಅನುಮಾನಪಡಲು ಕಾರಣವೇ ಬೇಕಿರಲಿಲ್ಲ. ಈ ಸಲ ಕಾರಣವೂ ಸಿಕ್ಕಿತು.

"ಯಾರಿಗಪ್ಪ ಇದು? ರತ್ನ ಮೈಸೂರಲ್ಲವ್ಳಲ್ಲ?"

"ಒಂದ್ ಸಾಮಾನು ಒಣಗಿಸ್ಬೇಕು" ಎಂದು ಕೃಷ್ಣಾನಂದ ಮೆಲ್ಲಗೆ ಜಾರಿಕೊಂಡ.

ನಿಜ ಹೇಳಲು ಅವನಿಗೆ ಹೆದರಿಕೆ. ಕಳೆದ ವರ್ಷ ಮೈಸೂರಿಗೆ ವರ್ಗವಾಗುತ್ತದೆಂದು ತಿರುವನಂತಪುರದ ಈ ಕ್ವಾರ್ಟರ್ಸಿಗೆಲ್ಲ ಸಾರಿದ್ದ. ಅದು ಬೇರೆಯವರ ಪಾಲಾಗಿತ್ತು. ಬ್ಯಾಂಕಿನಲ್ಲಿದ್ದ ಹೆಂಡತಿ ರತ್ನ ಇಲ್ಲಿನ ಸೆಖೆಗೆ ಹೆದರಿ ಈ ಊರಿನ ಚಾಲೈ ಶಾಖೆಗೆ ಬರಲು ಒಪ್ಪಿರಲಿಲ್ಲ. ಈಗ ಮೈಸೂರಿನ ವಿಜ್ಞಾನ ಕೇಂದ್ರಕ್ಕೆ ಪ್ರಯೋಗದ ಮಾದರಿ ಮಾಡುವವರು ಬೇಕಾಗಿದ್ದರು. ಮೇಲಧಿಕಾರಿ ರಾಮಚಂದ್ರ ಸಂಜೆ ಬಂದು ಇವನು ಮಾಡಿದ ಮಾದರಿಯನ್ನು ನೋಡುವವರಿದ್ದರು. ಅದರಿಂದ ಕಿಡಿ ಹಾರಿದರೆ ವರ್ಗ, ಇಲ್ಲದಿದ್ದರೆ ಇನ್ನೂ ಎಷ್ಟು ವರ್ಷ ಒಂಟಿ ಊಟವೋ.

ಜಯಮ್ಮ ಮೊದಲು ಫೋನು ಕೈಗೆತ್ತಿಕೊಂಡರು. ಸಂಜೆಯಾಗುತ್ತಲೇ ಎದುರುಮನೆಯ ಕಾಸರಗೋಡಿನ ಯಜ್ಞನಾರಾಯಣರನ್ನು ಕರೆತಂದು ಕೃಷ್ಣಾನಂದನ ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಡ್ರೈಯರ್ ಗುಂಯ್‌ಗುಡುತ್ತಿತ್ತು.

"ಸ್ವಲ್ಪ ತಡ್ಕೊ ಚಿನ್ನ, ಪೂರ್ತಿ ಒಣಗ್ಲಿ. ಸಾಹೇಬ್ರ ಮುಂದೆ ನನ್ನ ಮಾನ ಉಳಿಸು."

ಇಬ್ಬರೂ ಮುಖ ಮುಖ ನೋಡಿಕೊಂಡು ಬಾಗಿಲು ತಳ್ಳಿದರು. ಒಳಗೆ ಹೆಣ್ಣಿನ ಸುಳಿವಿರಲಿಲ್ಲ. ಮೇಜಿನ ಮೇಲೆ ಕುಂಬಳಕಾಯಿ ಗಾತ್ರದ ಹಿತ್ತಾಳೆ ಗೋಳ, ಅದರ ನೆತ್ತಿಯಲ್ಲಿ ಮೇಲೆದ್ದ ಒಂದು ಲೋಹದ ಗುಂಡಿ.

"ಇದರೊಳಗೆ ಎಂತ ಉಂಟು?" ಎಂದರು ಯಜ್ಞನಾರಾಯಣ.

"ಇನ್ನೊಂದು ಗೋಳ. ಮೇಲಿನ ಗುಂಡಿ ಅದಕ್ಕೇ ಸೇರಿದ್ದು."

"ಎರಡರ ನಡುವೆ?"

"ಏನೂ ಇಲ್ಲ, ಖಾಲಿ. ಒಳಗಿನ ಗೋಳಕ್ಕೆ ವಿದ್ಯುತ್ ತುಂಬಿದೀನಿ, ಶಕ್ತಿಯೆಲ್ಲ ಆ ಖಾಲಿ ಜಾಗದಲ್ಲೇ ಕೂತಿರುತ್ತೆ. ಒಂದು ಏಲಕ್ಕೀನ ಆಳೆತ್ತರಕ್ಕೆ ಎಸೆಯೋವಷ್ಟು. ಇಲ್ಲಿ ತೇವಕ್ಕೆ ಅದೂ ಸೋರಿಹೋಗುತ್ತೆ. ಅದಕ್ಕೇ ಡ್ರೈಯರ್."

"ಏಲಕ್ಕಿ ಎಸೀಲಿಕ್ಕೆ ಬಾಗಿಲು ಹಾಕ್ಬೇಕಾ ಮಾರಾಯ?"

"ಚಿನ್ನ ಅಂದಿದ್ದು ಯಾರ್ಗೆ?" ಎಂದರು ಜಯಮ್ಮ.

"ಇದಕ್ಕೇ."

ಹಿತ್ತಾಳೆಯನ್ನು ಚಿನ್ನ ಎನ್ನುವವನನ್ನು ನಂಬಲು ಇಬ್ಬರೂ ತಯಾರಿರಲಿಲ್ಲ. ಖಾಲಿ ಜಾಗದಲ್ಲಿ ಇರುವುದೇನೆಂದು ತಾನೇ ನೋಡುತ್ತೇನೆಂದು ಯಜ್ಞನಾರಾಯಣ ಒಂದು ಕೈಯಲ್ಲಿ ಗೋಳವನ್ನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಗುಂಡಿಯ ಹತ್ತಿರ ಒಯ್ದರು. ಚಟ್ ಎಂದು ನೀಲಿ ಕಿಡಿ ಹಾರಿತು. ಅವರೂ ಹಾರಿ ಸೋಫಾದ ಮೇಲೆ ಬಿದ್ದರು. ಏಲಕ್ಕಿಗಿಂತ ಕಡಿಮೆ ಎತ್ತರವೇನಲ್ಲ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ರಾಮಚಂದ್ರ ನಿಂತಿದ್ದರು.

"ಈ ಊರಿನ ತೇವದಲ್ಲೂ ಕಿಡಿ ಬರಿಸಿದ್ರಲ್ಲ, ಭೇಷ್. ಸೋಮವಾರ ನಿಮ್ಮ ಮೈಸೂರು ಆರ್ಡರ್‌ಗೆ ಸಹಿ ಹಾಕ್ತೀನಿ."

ಅವರು ಹೊರಟರು. ಕೃಷ್ಣಾನಂದನಿಗೆ ಯಜ್ಞನಾರಾಯಣರನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ರತ್ನಳದೇ ಫೋನು ಬಂತು.

"ರೀ, ಜಯಮ್ಮ ಬೆಳಗ್ಗೇನೇ ಎಲ್ಲಾ ಹೇಳಿದ್ರು. ಚಾಲೈ ಶಾಖೆಗೆ ಒಪ್ಕೊಂಡುಬಿಟ್ಟೆ. ಅಲ್ಲಿಗೆ ಹೋಗೋರೇ ಇರ್ಲಿಲ್ಲ ನೋಡಿ, ಮಧ್ಯಾಹ್ನವೇ ಆರ್ಡರ್ ಕೊಟ್ರು. ಮೂರು ವರ್ಷ ಅಲ್ಲಾಡೋ ಹಾಗಿಲ್ಲ."

ಕೃಷ್ಣಾನಂದ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ನನಗೂ ಮೈಸೂರಿಗೆ ಆಯ್ತು ಕಣೆ."



"ನಾನು ಬರ್ತೀನಿ ಅಂತ ಗೊತ್ತಾದ ದಿನಾನೇ ಊರು ಬಿಡೋಕೆ ಹೊರಟ್ರಾ? ಫೋನ್ ಜಯಮ್ಮಂಗೆ ಕೊಡಿ."

ಅವನು ತಿರುಗಿದ. ಜಯಮ್ಮ ಡ್ರೈಯರಿನ ಬಾಯಿಂದ ಮೊಳದುದ್ದದ ಕೂದಲೊಂದನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಅದು ಅವರದೇ ಕೂದಲೆಂದು ಹೇಳುವ ಧೈರ್ಯ ಕೃಷ್ಣಾನಂದನಿಗೆ ಬರಲಿಲ್ಲ.