ಮುಯ್ಯಿಗೆ ಬಂದ ಜಾಝು

ನಮ್ಮ ಸೋದರಮಾವನ ಹುಚ್ಚು ಒಂದು ಸಲ ವಾಸಿಯಾಗಿಬಿಟ್ಟಿತ್ತು. ಒಂದು ಇಡೀ ಮಳೆಗಾಲ ಅವರು ಎಲ್ಲರ ಹಾಗೇ ಇದ್ದರು. ಆಗ ನಾವು ಪಟ್ಟ ಪಾಡು ಶತ್ರುವಿಗೂ ಬೇಡ! ಈಗ ದೇವರ ದಯದಿಂದ ಹುಚ್ಚು ವಾಪಸ್ಸು ಬಂದಿದೆ, ಮೊದಲಿಗಿಂತ ಜೋರಾಗಿಯೇ ಇದೆ. ಹಾಗಾಗಿ ನಿಶ್ಚಿಂತೆಯಿಂದ ಕೂತು ಬರೆಯುತ್ತಿದ್ದೇನೆ.

ಯಾವ ಹುಚ್ಚು ಅಂತೀರಾ? ಜಾಝ್! ಹೆತ್ತೂರಿನ ಹತ್ತಿರ ಕಾಫಿ ತೋಟ ಮಾಡಿಕೊಂಡು ತೆಪ್ಪಗಿರಬೇಕಾದ ಮನುಷ್ಯನಿಗೆ ಇದು ಅಂಟಿದ್ದು ಪಕ್ಕದ ಎಸ್ಟೇಟಿನಲ್ಲಿದ್ದ ಮಂಗಳೂರು ಕಡೆಯ ಡಾಕ್ಟರಿಂದ. ಮಾವ ಜ್ವರ ಅಂತ ಹೋದಾಗ ಡಾಕ್ಟರು ಮಾತ್ರೆ ನುಂಗಿಸಿ, ಅದು ಕೆಲಸ ಮಾಡುವ ತನಕ ಕೇಳುತ್ತಿರಿ ಅಂತ ಒಂದು ರೆಕಾರ್ಡು ಹಾಕಿದರಂತೆ. ಜ್ವರ ಬಿಟ್ಟಿತು, ರೆಕಾರ್ಡು ಬಿಡಲಿಲ್ಲ.

ತಾವು ಕೇಳಿಕೊಂಡು ಸುಮ್ಮನಿದ್ದರೆ ಯಾರಿಗೇನು ತೊಂದರೆ? ಮಾವನಿಗೆ ಊರಿಗೆಲ್ಲ ಕೇಳಿಸುವ ಚಟ. "ಮನೆ ಅಂದ್ಮೇಲೆ ಉಪ್ಪು, ಬೆಂಕಿಪೊಟ್ಣ, ಜಾಝು ಇರ್ಲೇಬೇಕು ಕಣೇ" ಅನ್ನುತ್ತಿದ್ದರು ನನಗೆ. "ಒಂದು ತುತ್ತೂರೀದು, ಒಂದು ಪಿಯಾನೋದು, ಒಂದು ಗಂಟಲು ಕಟ್ಟಿದ ಹೆಂಗಸಿಂದು. ಇಷ್ಟಿದ್ರೆ ಸಂಸಾರಕ್ಕೆ ಸಾಕು. ಆ ನಿಧಾನದ ಸ್ಯಾಕ್ಸೋಫೋನಿಂದು ಐತಲ್ಲ, ಅದು ಮಾತ್ರ ಒಬ್ಬೊಬ್ರೇ ಕೂತು ಕೇಳೋ ಐಟಮ್ಮು." ಯಾರು ಸಿಕ್ಕಿದರೂ ಮೊದಲು ಅವರ ಸ್ವಭಾವ ನೋಡಿ, ಆಮೇಲೆ ಇಂಥದ್ದು ಕೇಳಿ ಅಂತ ಚೀಟಿ ಬರೆದುಕೊಡುವರು. ಹಸುವಿಗೆ ಇಂಜೆಕ್ಷನ್ ಕೊಡಲು ಬಂದ ಪಶುವೈದ್ಯರಿಗೇ ಚೀಟಿ ಬರೆದುಕೊಟ್ಟು ಕಳಿಸಿದ ಮಹಾನುಭಾವರು!

ಕಾಫಿಗೆ ರೇಟು ಬಂದ ವರ್ಷ ನಮ್ಮ ಕಡೆ ಜನ ಜೀಪು ಕೊಂಡರು, ತಾರಸಿ ಹಾಕಿಸಿದರು. ಮಾವ ಮಂಗಳೂರಿಗೆ ಹೋಗಿ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳ ತುಂಬ ಕ್ಯಾಸೆಟ್ಟು ಹೇರಿಕೊಂಡು ಬಂದರು. ಅಲ್ಲಿಂದ ಶುರುವಾಯಿತು ನೋಡಿ! ಯಾರದೇ ಮದುವೆಯಾಗಲಿ, ಮಾವನ ಮುಯ್ಯಿ ಕ್ಯಾಸೆಟ್ಟೇ. ಎಲ್ಲರೂ ಸ್ಟೀಲ್ ಕೊಡಪಾನ, ಗೋಡೆ ಗಡಿಯಾರ ಕೊಡುವ ಕಡೆ ಇವರು ವಧೂವರರ ಕೈಗೆ ಜಾಝಿಟ್ಟು, ಯಾವಾಗ ಕೇಳಬೇಕು ಅಂತ ಉಪದೇಶ ಮಾಡುತ್ತ ನಿಲ್ಲುವರು. ಹಿಂದೆ ಅಕ್ಷತೆ ಹಿಡಿದವರ ಸಾಲು ಛತ್ರದ ಬಾಗಿಲವರೆಗೆ! ನನ್ನ ಮದುವೆಗೆ ಸೋದರಮಾವ ಅಂದಮೇಲೆ ಬೆಳ್ಳಿ ದೀಪವಾದರೂ ಬಂದೀತು ಅಂತ ನನ್ನ ಗಂಡನ ಮನೆಯವರು ಕಾದಿದ್ದರು. ಬಂದದ್ದು ಮೂರು ಕ್ಯಾಸೆಟ್ಟು. ಅವು ನಮ್ಮ ಶೋಕೇಸಿನಲ್ಲಿ ತಲೆಯಾಡಿಸುವ ಬೊಂಬೆಯ ಪಕ್ಕದಲ್ಲಿ ಸುಖವಾಗಿದ್ದವು.

ಸ್ವಂತ ಮಗಳ ಮದುವೆಯಲ್ಲಾದರೂ ಸುಮ್ಮನಿದ್ದರೇ? ಪಾಳ್ಯದ ಕಡೆಯ ಸಂಬಂಧ, ಗದ್ದೆ ಹೊಲ ಮಾಡಿಕೊಂಡಿರುವ ಒಳ್ಳೆಯ ಮನೆತನ. ಬೀಗರೂಟದ ದಿನ ಮೈಕ್‌ಸೆಟ್ಟಿನ ಸಿನಿಮಾ ಹಾಡು ನಿಲ್ಲಿಸಿ ಮಾವ ಆ ಸ್ಯಾಕ್ಸೋಫೋನ್ ಹಾಕಿಸಿದರು. ಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ಗಕ್ಕನೆ ನಿಂತವು. ಬೀಗರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಯಾರಾದ್ರೂ ಆ ಮನುಷ್ಯಂಗೆ ಒಂದ್ ಲೋಟ ನೀರು ಕೊಡ್ರೋ, ಒದ್ದಾಡ್ತಾವ್ನೆ!" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವ ನಗಲಿಲ್ಲ. ಹೊರಡುವಾಗ ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯನ್ನು ಬೀಗರ ಜೇಬಿಗೆ ತುರುಕಿದರು. ಬೀಗರು ಮುಖ ಗಂಟಿಕ್ಕಿದರು. ಅಂದಿನಿಂದ ಇಬ್ಬರ ನಡುವೆ ಹೂಂ, ಉಹೂಂ, ಅಷ್ಟೇ.

ಇಷ್ಟೆಲ್ಲ ಆಡಿಕೊಂಡರೂ ಒಂದು ದಿನ ಈ ಹುಚ್ಚು ನಿಂತೀತು ಅಂತ ನಾವ್ಯಾರೂ ಎಣಿಸಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ರೇಷ್ಮೆ ಸೀರೆಯ ಬೀರುವಿನಲ್ಲಿ ಬೂಷ್ಟು ಹಿಡಿಯದಿರಲೆಂದು ಬಲ್ಬು ಉರಿಸುತ್ತಾರೆ. ಮಾವನ ಮನೆಯಲ್ಲಿ ಆ ಬಲ್ಬು ಕ್ಯಾಸೆಟ್ಟಿಗೆ, ಅತ್ತೆಯ ಸೀರೆಗೆ ನುಸಿಗುಳಿಗೆ! ಆ ವರ್ಷ ವನಗೂರು ಕಡೆ ಮರ ಬಿದ್ದು ಲೈನು ಹರಿದು, ವಾರಗಟ್ಟಲೆ ಕರೆಂಟಿಲ್ಲ. ಮಾವ ಬಾಣಲೆಯಲ್ಲಿ ಕೆಂಡ ತಂದಿಟ್ಟುಕೊಂಡು ಕಾವಲು ಕೂತರು.

"ಮಗಳ ಬಾಣಂತನದಲ್ಲೂ ಹಿಂಗೆ ಕೆಂಡ ಕಾಯ್ಲಿಲ್ವಲ್ರೀ ನೀವು!" ಅಂದರು ಅತ್ತೆ.

ಕಾದರೂ ಪ್ರಯೋಜನವಾಗಲಿಲ್ಲ. ಕರೆಂಟು ಬಂದಾಗ ಅಷ್ಟೂ ಕ್ಯಾಸೆಟ್ಟುಗಳು ಬಿಳಿ ಸ್ವೆಟರು ಹಾಕಿಕೊಂಡು ಕೂತಿದ್ದವು. ಹಾಕಿದ್ದೆಲ್ಲ ಟೇಪ್‌ರೆಕಾರ್ಡರಿಗೆ ಸಿಕ್ಕಿಕೊಂಡು ಕರುಳಿನ ಹಾಗೆ ಈಚೆ ಬಂತು. ಮಾವ ಬೀರು ಮುಚ್ಚಿದರು.

ಮಾವ ವಾಸಿಯಾದದ್ದು ಆಗಲೇ. ಹೊತ್ತಿಗೆ ಸರಿಯಾಗಿ ಊಟ, ಕಾಫಿ ರೇಟಿನ ಮಾತು, ಬಂದವರ ಹತ್ತಿರ ಮಳೆ ಲೆಕ್ಕ. ಅತ್ತೆ ಇಂಥ ಗಂಡ ಬೇಕು ಅಂತ ಹರಕೆ ಹೊತ್ತವರು. ಒಂದು ದಿನ ನನಗೆ ಫೋನು ಮಾಡಿ ಅಳುವುದೊಂದು ಬಾಕಿ. "ನಿಮ್ಮ ಮಾವ ಮದ್ವೇಲಿ ಸ್ಟೀಲ್ ಕೊಡಪಾನ ಕೊಟ್ಬುಟ್ರು ಕಣೇ! ನಂಗೆ ಭಯ ಆಯ್ತೈತೆ."

ನನಗೂ ಭಯವಾಯಿತು. ನಾನು ಹೋಗಿ, "ಮತ್ತೆ ತರಿಸ್ಕೊಳ್ಳಿ ಮಾವ" ಅಂದೆ.

"ಯಾಕೆ ತಾಯಿ? ಇಷ್ಟು ವರ್ಷ ಊರ್ತುಂಬ ಹಂಚ್ದೆ. ಒಬ್ರಾದ್ರೂ ಬಂದು, ಚೆನ್ನಾಗೈತೆ ಮಾರಾಯ, ಮುಂದೆ ಯಾವ್ದು ಕೇಳ್ಲಿ ಅಂದ್ರಾ? ನಾನೊಬ್ನೇ ಬಡ್ಕೊಂಡೆ." ಇಷ್ಟು ಹೇಳಿ ತೋಟಕ್ಕೆ ಹೋಗಿಬಿಟ್ಟರು.

ಉಪಾಯ ಹೊಳೆದದ್ದು ಅತ್ತೆಗೆ. ಹಂಚಿದ್ದೆಲ್ಲ ಊರಿನ ಮನೆಗಳಲ್ಲಿ ಇರಲೇಬೇಕಲ್ಲ! ಕೊಟ್ಟ ಮುಯ್ಯಿ ವಾಪಸ್ಸು ಕೇಳುವುದು ನಮ್ಮಲ್ಲಿ ಮಾನ ಹೋಗುವ ಕೆಲಸ. ಅತ್ತೆ ಮಾನವನ್ನು ಪಕ್ಕಕ್ಕಿಟ್ಟು ಮನೆಮನೆಗೆ ಹೇಳಿಕಳಿಸಿದರು. ಬಂದವು ನೋಡಿ ಕ್ಯಾಸೆಟ್ಟು! ಜೀಪಿನಲ್ಲಿ, ಬಸ್ ಕಂಡಕ್ಟರ ಕೈಯಲ್ಲಿ, ಸಂತೆಯ ಚೀಲದಲ್ಲಿ. ಒಂದಕ್ಕೂ ಬೂಷ್ಟಿಲ್ಲ, ಹೊಚ್ಚಹೊಸತು! ನಾವು ಹಿಗ್ಗುತ್ತ ಅಡುಗೆಮನೆಯಲ್ಲಿ ರಾಶಿ ಹಾಕಿದಮೇಲೆ ನಾನು ಒಂದನ್ನು ಎತ್ತಿ ನೋಡಿದೆ. ಅಂಗಡಿಯ ಪ್ಲಾಸ್ಟಿಕ್ ಕವರು ಒಂದರದ್ದೂ ಬಿಚ್ಚಿರಲಿಲ್ಲ. ನಾನು ತಂದ ಮೂರರದ್ದೂ!

"ಅಯ್ಯೋ, ಇದನ್ನ ನೋಡಿದ್ರೆ ಅವ್ರು ಇನ್ನೂ ಕುಗ್ಗೋಗ್ತಾರೆ, ಕೀಳೇ ಬೇಗ!" ಅಂದರು ಅತ್ತೆ. ಇಬ್ಬರೂ ಅವರೆಕಾಯಿ ಸುಲಿಯುವವರ ಹಾಗೆ ಕೂತು ಪರಪರ ಪ್ಲಾಸ್ಟಿಕ್ ಕೀಳತೊಡಗಿದೆವು. ಅರ್ಧವೂ ಆಗಿರಲಿಲ್ಲ, ಬಾಗಿಲಲ್ಲಿ ಮಾವ.

ಅವರು ರಾಶಿ ನೋಡಿದರು, ಸಿಪ್ಪೆ ನೋಡಿದರು. ಒಂದು ಕ್ಯಾಸೆಟ್ಟು ಎತ್ತಿ ಕವರಿನ ಮೇಲೆ ಹೆಬ್ಬೆರಳಾಡಿಸಿದರು. "ಒಬ್ರೂ ಕೇಳಿಲ್ಲ, ಅಲ್ವಾ?" ಅಂದರು.

ಅಷ್ಟರಲ್ಲಿ ಹೊರಗೆ ಕೆಮ್ಮಿದ ಸದ್ದು. ಪಾಳ್ಯದ ಬೀಗರು! ಛತ್ರಿ ಮಡಚಿ ಒಳಗೆ ಬಂದು, ಕೂರದೆ, ಮುಖ ಗಂಟಿಕ್ಕಿಕೊಂಡೇ ಹೇಳಿದರು: "ಬೀಗ್ತಿ ಹೇಳಿಕಳ್ಸಿದ್ರು. ಆದ್ರೆ ನಾ ಕೊಡಾಕೆ ಬಂದಿಲ್ಲ."

"ಇರ್ಲಿ ಬಿಡಿ ಬೀಗ್ರೇ" ಅಂದರು ಮಾವ.

"ಗದ್ದೆ ಕಾಯೋ ಗುಡಿಸ್ಲಾಗೆ ನಂದೊಂದು ಟೇಪ್‌ರೆಕಾರ್ಡ್ರು ಐತೆ. ಇದನ್ನ ಕೇಳಿದ್ರೆ ಹಂದಿ ಓಡೋಯ್ತವೆ ಅಂತ ಹಾಕ್ದೆ. ಹಂದಿ ಓಡೋಗ್ಬುಟ್ವು. ನಾನು ಉಳ್ಕಂಡೆ." ಬೀಗರು ನೆಲ ನೋಡುತ್ತ ಮುಂದುವರಿಸಿದರು. "ಮನೇಲಿ ಯಾರ್ಗೂ ಹೇಳಿಲ್ಲ, ನಗ್ತಾರೆ. ಅವ್ನೇನು ಹೇಳ್ತಾನೋ ನಂಗೊತ್ತಿಲ್ಲ ಕಣ್ರೀ. ಅವ್ನು ಊದ್ತಾ ಇದ್ರೆ ಒಬ್ನೇ ಇದೀನಿ ಅನ್ಸಾಕಿಲ್ಲ." ಜೇಬಿನಿಂದ ಕ್ಯಾಸೆಟ್ಟು ತೆಗೆದರು. ಅಕ್ಷರವೆಲ್ಲ ಅಳಿಸಿಹೋಗಿ, ಮೂಲೆ ಒಡೆದು, ರಬ್ಬರ್ ಬ್ಯಾಂಡು ಹಾಕಿತ್ತು. "ಕೇಳಿ ಕೇಳಿ ಸವೆದು ಎಳೀತೈತೆ. ಅದ್ಕೇ ಬಂದೆ. ಇದಾದ್ಮೇಲೆ ಯಾವ್ದು ಕೇಳ್ಬೇಕು ಬೀಗ್ರೇ?"

ಯಾರೂ ಕೇಳದಿದ್ದರೂ ಊರಿಗೆಲ್ಲ ಹೇಳಿದ ಮಾವ, ಕೇಳಿದವರು ಒಬ್ಬರು ಸಿಕ್ಕಿದಾಗ ಯಾವುದು ಕೊಡಲಿ ಅಂತ ತಡಕಾಡಿದರು. ರಾಶಿಯಿಂದ ಒಂದನ್ನು ಎತ್ತಿದರು, ಇಟ್ಟರು, ಇನ್ನೊಂದನ್ನು ಎತ್ತಿದರು. ಕೊನೆಗೆ, "ಇದು ಅವಸ್ರದಲ್ಲಿ ಹೇಳೋದಲ್ಲ ಬೀಗ್ರೇ. ಊಟ ಮಾಡ್ಕಂಡೇ ಹೋಗ್ಬೇಕು" ಅಂದರು.

ಬೀಗರು ಕೂತರು. ಅತ್ತೆ ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಎಂದೂ ಮಾಡದ ಒಂದು ಕೆಲಸ ಮಾಡಿದರು: ತಾವೇ ಹೋಗಿ ಟೇಪ್‌ರೆಕಾರ್ಡರು ತಂದು ಮಾವನ ಮುಂದಿಟ್ಟರು.